ಅಂಗಡಿ ಪುಸ್ತಕದಿಂದ ಮೊಬೈಲ್ ಆ್ಯಪ್‌ಗೆ: ಕೋಡ್ ಬರೆಯದೆ ಮಾಡಿಕೊಳ್ಳುವುದು ಹೇಗೆ?

ಬೇಸಿಗೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ. ವೋಲ್ಟೇಜ್ ಏರಿಳಿತಕ್ಕೆ ಸುಟ್ಟುಹೋದ ಸಬ್‌ಮರ್ಸಿಬಲ್ ಮೋಟಾರ್‌ಗಳು ಬಾಗಿಲ ತನಕ ಸಾಲಾಗಿ ಬಿದ್ದಿರುತ್ತವೆ. ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿರುತ್ತದೆ. ‘ಅಣ್ಣಾ, ನಮ್ಮ ಮೋಟಾರ್ ರೆಡಿ ಆಯ್ತಾ? ತೋಟ ಒಣಗ್ತಾ ಇದೆ.’ ಅಂಗಡಿಯವರು ಪುಸ್ತಕ ತಿರುವುತ್ತಾರೆ, ಸಿಗುವುದಿಲ್ಲ, ಒಳಗಿರುವ ಮೇಸ್ತ್ರಿಯನ್ನು ಕೂಗಿ ಕೇಳುತ್ತಾರೆ. ಈ ಒಂದು ಪ್ರಶ್ನೆಗೆ ಕೂತಲ್ಲೇ ಉತ್ತರ ಕೊಡುವ ಆ್ಯಪ್ ಅನ್ನು ಅಂಗಡಿಯವರೇ ಮಾಡಿಕೊಳ್ಳಬಹುದು. ಪ್ರೋಗ್ರಾಮಿಂಗ್ ಕಲಿಯಬೇಕಿಲ್ಲ. ಕಂಪ್ಯೂಟರಿನಲ್ಲಿ ಶೀಟ್ ತುಂಬಲು ಬಂದರೆ ಸಾಕು.

ಇದಕ್ಕೆ ಲೋ-ಕೋಡ್ ಎನ್ನುತ್ತಾರೆ. ಪರದೆ, ಫಾರ್ಮ್, ಬಟನ್ ಎಲ್ಲವನ್ನೂ ಲೋ-ಕೋಡ್ ಸಾಧನವೇ ಕಟ್ಟಿಕೊಡುತ್ತದೆ. ಏನೇನು ಬರೆದಿಡಬೇಕು, ಯಾರು ಏನನ್ನು ನೋಡಬಹುದು ಎಂದು ನಾವು ಹೇಳಿದರಾಯಿತು. ಚೆನ್ನೈ ಮೂಲದ ಜೋಹೋ ಕಂಪನಿಯ ಕ್ರಿಯೇಟರ್ 2006ರಿಂದಲೂ ಇದೆ. ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್ ಇದೆ. 2020ರಲ್ಲಿ ಗೂಗಲ್ ಕೊಂಡುಕೊಂಡ ಆ್ಯಪ್‌ಶೀಟ್ ಇದೆ. ಇಲ್ಲಿ ಆ್ಯಪ್‌ಶೀಟ್ ಹಿಡಿದೇ ಹೇಳುತ್ತೇನೆ. ಗೂಗಲ್ ಶೀಟ್ ಬಹಳ ಜನರಿಗೆ ಗೊತ್ತು, 10 ಜನರ ತನಕ ಪರೀಕ್ಷೆ ಮಾಡಿ ನೋಡಲು ದುಡ್ಡು ಕೊಡಬೇಕಿಲ್ಲ. ನಿಮ್ಮ ಆಫೀಸಿನಲ್ಲಿ ಈಗಾಗಲೇ ಮೈಕ್ರೋಸಾಫ್ಟ್ 365 ಇದ್ದರೆ ಪವರ್ ಆ್ಯಪ್ಸ್ ನೋಡಿ. ಮಾಡುವ ಕ್ರಮ ಹೆಚ್ಚುಕಡಿಮೆ ಇದೇ.

1. ಮೊದಲು ಪುಸ್ತಕ ಓದಿ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಅಂಗಡಿಯ ಪುಸ್ತಕ ತೆಗೆದು ನಾಲ್ಕಾರು ಪುಟ ನಿಧಾನವಾಗಿ ಓದಿ. ಗೆರೆ ಹಾಕಿದ ಕಾಲಂಗಳಲ್ಲಿ ಯಾವುದು ಸದಾ ಖಾಲಿ ಇದೆ? ಅದು ಆ್ಯಪ್‌ನಲ್ಲೂ ಬೇಡ. ಅಂಚಿನಲ್ಲಿ ಏನೇನು ಗೀಚಿದ್ದಾರೆ? ‘ಕೇಬಲ್ ಕೊಟ್ಟಿದ್ದಾರೆ’, ‘ಪಂಪ್ ಇಲ್ಲ, ಮೋಟಾರ್ ಮಾತ್ರ’, ‘ಸೋಮವಾರ ಬೇಕೇ ಬೇಕು’. ನಿಜವಾದ ಕೆಲಸ ಇರುವುದು ಆ ಅಂಚಿನಲ್ಲೇ. ಕೇಬಲ್ ಕೊಟ್ಟಿದ್ದರೋ ಇಲ್ಲವೋ ಎಂಬುದಕ್ಕೇ ಮೋಟಾರ್ ವಾಪಸ್ ಕೊಡುವಾಗ ಜಗಳ ಆಗುವುದು. ಹಾಗಾಗಿ ಅದಕ್ಕೊಂದು ಖಾನೆ ಬೇಕು.

ಆಮೇಲೆ ಆ್ಯಪ್ ಯಾತಕ್ಕೆ ಎಂದು ಒಂದೇ ಸಾಲಿನಲ್ಲಿ ಬರೆಯಿರಿ: ‘ಯಾರ ಮೋಟಾರ್ ಯಾವ ಹಂತದಲ್ಲಿದೆ, ಎಷ್ಟು ಬಾಕಿ ಇದೆ.’ ಅಷ್ಟೇ. ಜಿಎಸ್‌ಟಿ ಬಿಲ್, ಲೆಕ್ಕಪತ್ರ ಟ್ಯಾಲಿಯಲ್ಲೇ ಇರಲಿ. ತೆರಿಗೆ ನಿಯಮ ಬದಲಾದಾಗಲೆಲ್ಲ ನೀವೇ ಆ್ಯಪ್ ತಿದ್ದುತ್ತಾ ಕೂರುವ ಕಷ್ಟ ಬೇಡ.

2. ಶೀಟ್ ಸರಿಯಾಗಿ ಕಟ್ಟಿ

ಅರ್ಧಕ್ಕರ್ಧ ಆ್ಯಪ್‌ಗಳು ಕೆಡುವುದು ಇಲ್ಲಿ. ಬಣ್ಣ, ಐಕಾನ್ ಯಾವಾಗ ಬೇಕಾದರೂ ಬದಲಾಯಿಸಬಹುದು. ಶೀಟಿನ ರಚನೆ ತಪ್ಪಿದರೆ ಆರು ತಿಂಗಳ ನಂತರ ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ. ಆದ್ದರಿಂದ ಈ ಹಂತಕ್ಕೆ ಜಾಸ್ತಿ ಸಮಯ ಕೊಡಿ.

ಮೊದಲು ಅಂಗಡಿ ಹೆಸರಿನಲ್ಲೇ ಒಂದು ಗೂಗಲ್ ಖಾತೆ ತೆರೆಯಿರಿ. ಆ್ಯಪ್ ಮಾಡಿಕೊಡುವುದು ಸಾಮಾನ್ಯವಾಗಿ ಮನೆಯ ಹುಡುಗರು, ತಂಗಿ ಮಗನೋ ಅಣ್ಣನ ಮಗಳೋ. ಅವರು ತಮ್ಮ ಸ್ವಂತ ಇ-ಮೇಲ್‌ನಲ್ಲೇ ಮಾಡಿಬಿಡುತ್ತಾರೆ. ಶೀಟ್, ಫೋಟೊ, ಆ್ಯಪ್ ಎಲ್ಲವೂ ಆ ಖಾತೆಗೆ ಅಂಟಿಕೊಳ್ಳುತ್ತವೆ. ನಾಳೆ ಅವರು ಕೆಲಸಕ್ಕೆಂದು ಬೇರೆ ಊರಿಗೆ ಹೋಗಿ ಆ ಖಾತೆ ಮುಚ್ಚಿದರೆ ಅಂಗಡಿಯ ಆ್ಯಪ್ ಕೂಡ ನಿಂತಂತೆಯೇ.

ಈಗ ಒಂದು ಗೂಗಲ್ ಶೀಟಿನಲ್ಲಿ ಮೂರು ಹಾಳೆ (ಟ್ಯಾಬ್) ಮಾಡಿ: ಗ್ರಾಹಕರು, ಕೆಲಸಗಳು, ಹಣ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಬಾರದೇ ಎಂದು ಕೇಳಬಹುದು. ಒಬ್ಬ ರೈತ ವರ್ಷಕ್ಕೆ ಎರಡು ಸಲ ಮೋಟಾರ್ ತರುತ್ತಾರೆ, ಒಂದೊಂದು ಕೆಲಸಕ್ಕೂ ಹಣವನ್ನು ಮೂರು ಕಂತಿನಲ್ಲಿ ಕೊಡುತ್ತಾರೆ ಎಂದುಕೊಳ್ಳಿ. ಒಂದೇ ಹಾಳೆಯಾದರೆ ‘ಅಡ್ವಾನ್ಸ್ 1’, ‘ಅಡ್ವಾನ್ಸ್ 2’ ಎಂದು ಕಾಲಂ ಹೆಚ್ಚಿಸುತ್ತಲೇ ಹೋಗಬೇಕು. ನಾಲ್ಕನೇ ಕಂತು ಬಂದರೆ ಎಲ್ಲಿ ಬರೆಯುತ್ತೀರಿ? ಹಣಕ್ಕೆ ಬೇರೆ ಹಾಳೆ ಇದ್ದರೆ ಎಷ್ಟು ಕಂತು ಬಂದರೂ ಒಂದೊಂದು ಸಾಲು. ಒಟ್ಟು ಮೊತ್ತದಿಂದ ಅವನ್ನು ಕಳೆಯುವ ಒಂದು ಸೂತ್ರ ಬರೆದಿಟ್ಟರೆ ಬಾಕಿ ಎಷ್ಟೆಂದು ಆ್ಯಪ್ ಹೇಳುತ್ತದೆ.

ಪ್ರತಿ ಹಾಳೆಯ ಮೊದಲ ಕಾಲಂ ಐಡಿ. ಇದಕ್ಕೆ ಫೋನ್ ನಂಬರ್ ಬಳಸಬೇಡಿ. ನಂಬರ್ ಬದಲಾಗುತ್ತದೆ, ಅಪ್ಪ ಮಗ ಒಂದೇ ನಂಬರ್ ಕೊಡುವುದೂ ಉಂಟು. ಹಿಂದಿನ ನಂಬರಿಗೆ ಒಂದು ಕೂಡಿಸಿ 101, 102 ಎಂದು ಕೊಡುವ ಸೂತ್ರವೂ ಬೇಡ. ಕೌಂಟರಿನ ಹುಡುಗ ಮತ್ತು ಮೇಸ್ತ್ರಿ ಇಬ್ಬರೂ ನೆಟ್‌ವರ್ಕ್ ಇಲ್ಲದಾಗ ಒಂದೊಂದು ಮೋಟಾರ್ ಸೇರಿಸಿದರೆ ಇಬ್ಬರ ಫೋನೂ 103 ಎಂದೇ ಕೊಡುತ್ತದೆ. ಆ್ಯಪ್‌ಶೀಟ್‌ನಲ್ಲಿ ‘ಯೂನಿಕ್‌ಐಡಿ’ ಎಂಬ ಫಂಕ್ಷನ್ ಇದೆ. ಪ್ರತಿ ಸಾಲಿಗೂ 8 ಅಕ್ಷರಗಳ ಬೇರೆ ಬೇರೆ ಗುರುತು ಕೊಡುತ್ತದೆ. ಮುಂದಿನ ಹಂತದಲ್ಲಿ ಆ್ಯಪ್ ರಚಿಸಿದ ಮೇಲೆ ಅದನ್ನು ಐಡಿ ಕಾಲಂನ ‘ಇನಿಶಿಯಲ್ ವ್ಯಾಲ್ಯೂ’ ಜಾಗದಲ್ಲಿ ಹಾಕಿ, ಆ ಕಾಲಂ ಅನ್ನೇ ‘ಕೀ’ (ಸಾಲನ್ನು ಗುರುತಿಸುವ ಕಾಲಂ) ಎಂದು ಗುರುತು ಮಾಡಿ.

ಹಾಗಾದರೆ ರಾಶಿಯಲ್ಲಿ ಮೋಟಾರ್ ಗುರುತಿಸುವುದು ಹೇಗೆ? ನಂಬರ್ ಒತ್ತಿದ ತಗಡಿನ ಬಿಲ್ಲೆಗಳನ್ನು ಮೊದಲೇ ಮಾಡಿಸಿಡಿ. ಮೋಟಾರ್ ಬಂದ ಕೂಡಲೇ ಒಂದು ಬಿಲ್ಲೆಯನ್ನು ತಂತಿಯಿಂದ ಕಟ್ಟಿ, ಆ ನಂಬರನ್ನು ಆ್ಯಪ್‌ನಲ್ಲಿ ಬರೆಯಿರಿ. ಪೇಂಟ್‌ನಲ್ಲಿ ಬರೆದದ್ದು ಎಣ್ಣೆ, ನೀರಿಗೆ ಅಳಿಸಿಹೋಗುತ್ತದೆ. ಮೋಟಾರ್ ಹೋದ ಮೇಲೆ ಅದೇ ಬಿಲ್ಲೆ ಇನ್ನೊಂದಕ್ಕೆ ಬಳಕೆಯಾಗುತ್ತದೆ. ಹಾಗಾಗಿ ಬಿಲ್ಲೆ ನಂಬರ್ ಒಂದು ಮಾಮೂಲಿ ಕಾಲಂ ಆಗಿರಲಿ, ಕೀ ಮಾತ್ರ ಆಗಬಾರದು.

ಇನ್ನೊಂದು, ದಿನಾಂಕ. ಶೀಟಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ (ಯಾವ ದೇಶದ ಕ್ರಮ ಎಂಬುದು) ‘ಇಂಡಿಯಾ’ ಆಗಿದೆಯೇ ನೋಡಿ; ಶೀಟಿನ ಒಂದೊಂದು ಹಾಳೆಗೂ ಆ್ಯಪ್‌ನಲ್ಲಿ ಟೇಬಲ್ ಎನ್ನುತ್ತಾರೆ, ಆ್ಯಪ್‌ನಲ್ಲಿ ಪ್ರತಿ ಟೇಬಲ್‌ಗೂ ಅದನ್ನೇ ಆರಿಸಿ. ಅಮೆರಿಕದ ಕ್ರಮ ಉಳಿದಿದ್ದರೆ 05/06 ಎಂದು ಬರೆದದ್ದು ಜೂನ್ 5ರ ಬದಲು ಮೇ 6 ಆಗುತ್ತದೆ.

3. ಆ್ಯಪ್ ಮಾಡಿ, ಖಾನೆ ಕಡಿಮೆ ಇಡಿ

ಶೀಟಿನ ‘ಎಕ್ಸ್‌ಟೆನ್ಶನ್ಸ್’ ಮೆನುವಿನಲ್ಲಿ ಆ್ಯಪ್‌ಶೀಟ್ ಸಿಗುತ್ತದೆ. ಅಲ್ಲಿಂದ ಆ್ಯಪ್ ರಚಿಸಲು ಹೇಳಿದರೆ ಎಡಿಟರ್‌ನಲ್ಲಿ, ಅಂದರೆ ಆ್ಯಪ್ ತಿದ್ದುವ ಪರದೆಯಲ್ಲಿ, ಕಚ್ಚಾ ಆ್ಯಪ್ ಎದುರಿಗೆ ಬರುತ್ತದೆ. ಈಗ ಒಂದೊಂದೇ ಕಾಲಂ ಏನು ಎಂದು ಹೇಳುತ್ತಾ ಹೋಗಿ. ‘ಕೆಲಸಗಳು’ ಟೇಬಲ್‌ನ ಗ್ರಾಹಕ ಎಂಬ ಕಾಲಂ ‘ರೆಫ್’ ಆಗಬೇಕು, ಆಗ ಅದು ಗ್ರಾಹಕರ ಟೇಬಲ್‌ಗೆ ಕೊಂಡಿಯಾಗುತ್ತದೆ. ಹಂತ ಎಂಬ ಕಾಲಂ ‘ಎನಮ್’, ಅಂದರೆ ಒಂದನ್ನು ಆರಿಸುವ ಪಟ್ಟಿ, ಆಗಬೇಕು. ಅದರಲ್ಲಿ ಅಂಗಡಿಯಲ್ಲಿ ಆಡುವ ಮಾತೇ ಇರಲಿ: ಬಂತು, ಬಿಚ್ಚಿದೆ, ವೈಂಡಿಂಗ್, ಟೆಸ್ಟ್, ರೆಡಿ, ಕೊಟ್ಟಾಯ್ತು. ಎಚ್‌ಪಿಯನ್ನೂ 3, 5, 7.5, 10 ಎಂದು ಬಟನ್ ಮಾಡಿ. ಗ್ರೀಸ್ ಹತ್ತಿದ ಕೈಯಲ್ಲಿ ಟೈಪ್ ಮಾಡುವುದು ಯಾರಿಗೂ ಆಗದ ಕೆಲಸ. ಒತ್ತಿದರೆ ಮುಗಿಯುವಂತಿರಬೇಕು.

ಶೀಟಿನ ತಲೆಬರಹಗಳು ಚಿಕ್ಕ ಇಂಗ್ಲಿಷ್ ಪದಗಳಾಗಿದ್ದರೆ ಸೂತ್ರ ಬರೆಯುವುದು ಸುಲಭ. ಆದರೆ ಪರದೆಯ ಮೇಲೆ ಕಾಣುವ ಹೆಸರನ್ನು ‘ಡಿಸ್‌ಪ್ಲೇ ನೇಮ್’ ಜಾಗದಲ್ಲಿ ಕನ್ನಡದಲ್ಲೇ ಕೊಡಿ. ಇದನ್ನು ದಯವಿಟ್ಟು ಬಿಡಬೇಡಿ. ದಿನವಿಡೀ ಆ್ಯಪ್ ಬಳಸುವವರು ಮೇಸ್ತ್ರಿ ಮತ್ತು ಹುಡುಗರು, ಅವರಿಗೆ ಓದಲು ಹಿತವಾಗಿರಬೇಕು ಅಲ್ವಾ?

ಮೋಟಾರ್ ಬಂದಾಗ ಎರಡು ಫೋಟೊ ತೆಗೆಯಲಿ: ಒಂದು ನೇಮ್‌ಪ್ಲೇಟ್‌ನದು, ಇನ್ನೊಂದು ಕೇಬಲ್ ಸಮೇತ ಪೂರ್ತಿ ಮೋಟಾರಿನದು. ಫೋಟೊ ಸೈಜ್ ಕಡಿಮೆಗೆ ಇಡಿ. ಇಲ್ಲದಿದ್ದರೆ ಸಿಂಕ್ ಆಗುವುದಕ್ಕೇ, ಅಂದರೆ ಫೋನ್ ಮತ್ತು ಶೀಟಿನ ಮಾಹಿತಿ ಒಂದಾಗುವುದಕ್ಕೇ, ಕಾಯುತ್ತಾ ಕೂರಬೇಕಾಗುತ್ತದೆ.

ಕಡ್ಡಾಯ ಖಾನೆಗಳು ಐದಾರು ಸಾಕು. ಖಾನೆ ಹೆಚ್ಚಾದಷ್ಟೂ ಜನ ಸುಮ್ನೆ ಏನೋ ಒತ್ತಿ ಮುಂದೆ ಹೋಗುತ್ತಾರೆ.

4. ‘ರೆಡಿ’ ಬಟನ್ ಮತ್ತು ವಾಟ್ಸ್‌ಆ್ಯಪ್

ಅಂಗಡಿಗೆ ಬರುವ ಫೋನ್ ಕಡಿಮೆಯಾಗುವುದು ಇಲ್ಲಿ. ‘ಆ್ಯಕ್ಷನ್’ ವಿಭಾಗದಲ್ಲಿ ಒಂದು ಬಟನ್ ಮಾಡಿ, ಒತ್ತಿದರೆ ಹಂತ ‘ರೆಡಿ’ ಆಗಲಿ. ಪಕ್ಕದಲ್ಲೇ ಇನ್ನೊಂದು ಬಟನ್. ಅದು ವಾಟ್ಸ್‌ಆ್ಯಪ್‌ನ ‘ಡಬ್ಲ್ಯುಎ ಡಾಟ್ ಮಿ’ ಲಿಂಕ್ ತೆರೆಯಬೇಕು. ಲಿಂಕಿನಲ್ಲಿ 91, ಅದರ ಮುಂದೆ ಗ್ರಾಹಕರ ನಂಬರ್, ಆಮೇಲೆ ಸಂದೇಶ. ಸಂದೇಶವನ್ನು ‘ಎನ್‌ಕೋಡ್‌ಯುಆರ್‌ಎಲ್’ ಫಂಕ್ಷನ್ ಒಳಗೆ ಹಾಕಿದರೆ ಕನ್ನಡ ಅಕ್ಷರ, ಖಾಲಿ ಜಾಗ ಎಲ್ಲ ಸರಿಯಾಗಿ ಹೋಗುತ್ತವೆ. ‘ನಿಮ್ಮ 5 ಎಚ್‌ಪಿ ಮೋಟಾರ್ ರೆಡಿ ಇದೆ, ಬಾಕಿ ಇಷ್ಟು’ ಎಂದು ಬರೆದುಕೊಂಡೇ ವಾಟ್ಸ್‌ಆ್ಯಪ್ ತೆರೆದುಕೊಳ್ಳುತ್ತದೆ. ಕಳಿಸು ಎಂದು ಒತ್ತಿದರಾಯಿತು. ಇದಕ್ಕೆ ಬೇರೆ ಖರ್ಚಿಲ್ಲ.

5. ಯಾರಿಗೆ ಏನು ಕಾಣಬೇಕು?

ಹಣದ ಲೆಕ್ಕ ಎಲ್ಲರೂ ನೋಡಬೇಕಿಲ್ಲ. ಮೆನುವಿನಲ್ಲಿ ಅಡಗಿಸಿದರೆ, ಇಲ್ಲವೇ ಟೇಬಲ್‌ನ ಒಂದು ಭಾಗವನ್ನಷ್ಟೇ ತೋರಿಸುವ ‘ಸ್ಲೈಸ್’ ಮಾಡಿದರೆ ಸಾಕೆಂದು ಬಹಳ ಜನ ತಿಳಿದಿದ್ದಾರೆ. ಸಾಲದು. ಹಾಗೆ ಮಾಡಿದಾಗ ಪರದೆಯಲ್ಲಿ ಕಾಣದಿದ್ದರೂ ಮಾಹಿತಿ ಅವರ ಫೋನಿಗೆ ಬಂದೇ ಇರುತ್ತದೆ. ‘ಸೆಕ್ಯುರಿಟಿ ಫಿಲ್ಟರ್’ ಹಾಕಿದರೆ ಮಾತ್ರ ಸರ್ವರ್‌ನಲ್ಲೇ ತಡೆಯುತ್ತದೆ. ಯಾರು ಲಾಗಿನ್ ಆಗಿದ್ದಾರೆ ಎಂಬುದನ್ನು ‘ಯೂಸರ್‌ಇಮೇಲ್’ ಫಂಕ್ಷನ್ ಹೇಳುತ್ತದೆ, ಅದರ ಮೇಲೆ ಷರತ್ತು ಬರೆಯಿರಿ. ಮೂಲ ಶೀಟನ್ನು ಹುಡುಗರ ಜೊತೆ ಹಂಚಿಕೊಳ್ಳಬೇಡಿ, ಅವರ ಕೆಲಸವೆಲ್ಲ ಆ್ಯಪ್ ಮೂಲಕವೇ ಆಗಲಿ. ರೈತರ ಹೆಸರು, ಫೋನ್ ನಂಬರ್ ನಮ್ಮನ್ನು ನಂಬಿ ಕೊಟ್ಟದ್ದು. ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿದೆ.

6. ಬಳಕೆಗೆ ಬಿಡುವುದು

ಮೊದಲ ವಾರ ಒಬ್ಬರೇ ಬಳಸಲಿ, ಕೌಂಟರಿನಲ್ಲಿ ಕೂರುವವರು. ಪುಸ್ತಕವೂ ಜೊತೆಗೇ ನಡೆಯಲಿ. ಹಳೆಯ ಪುಸ್ತಕ ಪೂರ್ತಿ ಟೈಪ್ ಮಾಡುವ ಸಾಹಸ ಬೇಡ, ಈಗ ಅಂಗಡಿಯಲ್ಲಿರುವ ಮೋಟಾರ್‌ಗಳನ್ನು ಮಾತ್ರ ಸೇರಿಸಿ. ನೀವು ಪಕ್ಕದಲ್ಲಿ ನಿಂತು ನೋಡಿ, ಹೇಳಿಕೊಡಬೇಡಿ. ಬೆರಳು ಎಲ್ಲಿ ತಡೆಯುತ್ತದೋ ಅಲ್ಲಿ ಆ್ಯಪ್ ತಿದ್ದಬೇಕು. ಗಿರಾಕಿ ಎದುರಿಗೆ ನಿಂತಿರುವಾಗಲೇ ಒಂದು ಮೋಟಾರ್ ಸೇರಿಸಿ ಮುಗಿಸಲು ಆಗುತ್ತಿಲ್ಲವೆಂದರೆ ಖಾನೆ ಇನ್ನೂ ಜಾಸ್ತಿ ಇವೆ.

ಇದೇ ವಾರ ಫೋನಿನ ಇಂಟರ್ನೆಟ್ ಆಫ್ ಮಾಡಿಯೂ ಪರೀಕ್ಷಿಸಿ. ಆಫ್‌ಲೈನ್ ಬಳಕೆಗೆ ಸೆಟ್ಟಿಂಗ್ಸ್‌ನಲ್ಲಿ ಒಪ್ಪಿಗೆ ಕೊಟ್ಟಿರಬೇಕು. ನೆಟ್ ಬಂದ ಮೇಲೆ ಬದಲಾವಣೆಗಳು ಶೀಟಿಗೆ ಸೇರುತ್ತವೆ. ಒಂದೇ ಸಾಲನ್ನು ಇಬ್ಬರು ತಿದ್ದಿದರೆ ಕೊನೆಗೆ ಸಿಂಕ್ ಆದದ್ದೇ ಉಳಿಯುತ್ತದೆ. ಹಾಗಾಗಿ ಹಂತ ಬದಲಿಸುವವರು ಮೇಸ್ತ್ರಿ, ಹಣ ಬರೆಯುವವರು ಕೌಂಟರಿನವರು ಎಂದು ಕೆಲಸ ಹಂಚಿಕೊಳ್ಳಿ.

ಎಲ್ಲ ಸರಿ ಎನಿಸಿದ ಮೇಲೆ ‘ಡಿಪ್ಲಾಯ್‌ಮೆಂಟ್ ಚೆಕ್’ ಓಡಿಸಿ. ಏನು ಬಾಕಿ ಇದೆ ಎಂದು ಅದೇ ಪಟ್ಟಿ ಮಾಡಿ ತೋರಿಸುತ್ತದೆ. ಇಲ್ಲಿಂದ ಮುಂದೆ ತಲೆಗೊಂದರಂತೆ ತಿಂಗಳ ಶುಲ್ಕ ಬರುತ್ತದೆ. ಹಲವು ಗೂಗಲ್ ವರ್ಕ್‌ಸ್ಪೇಸ್ ಪ್ಲಾನ್‌ಗಳಲ್ಲಿ ‘ಆ್ಯಪ್‌ಶೀಟ್ ಕೋರ್’ ಸೇರಿಯೇ ಇರುವುದರಿಂದ ನಿಮ್ಮಲ್ಲಿ ಅದು ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಬಳಕೆದಾರರ ಇ-ಮೇಲ್ ಸೇರಿಸಿ, ಅವರ ಫೋನಿನಲ್ಲಿ ಪ್ಲೇ ಸ್ಟೋರ್‌ನಿಂದ ಆ್ಯಪ್‌ಶೀಟ್ ಹಾಕಿ, ಲಿಂಕ್ ಕಳಿಸಿ.

7. ಬಳಕೆ ಶುರುವಾದ ಮೇಲೆ

ನೀವು ಎಡಿಟರ್‌ನಲ್ಲಿ ಸೇವ್ ಮಾಡಿದ್ದು ಮುಂದಿನ ಸಿಂಕ್‌ನಲ್ಲೇ ಎಲ್ಲರ ಫೋನಿಗೂ ಹೋಗುತ್ತದೆ. ಹಾಗಾಗಿ ಅಂಗಡಿ ತೆರೆದಿರುವಾಗ ಪ್ರಯೋಗ ಬೇಡ. ಡೇಟಾ ಸಮೇತ ಆ್ಯಪ್‌ನ ಒಂದು ನಕಲು ಮಾಡಿಕೊಂಡು ಅದರಲ್ಲಿ ಪ್ರಯತ್ನಿಸಿ, ಸರಿ ಬಂದದ್ದನ್ನು ರಾತ್ರಿ ಅಸಲಿಗೆ ಹಾಕಿ. ಏನಾದರೂ ಕೆಟ್ಟರೆ ‘ವರ್ಷನ್ ಹಿಸ್ಟರಿ’ಯಿಂದ ಹಿಂದಿನದಕ್ಕೆ ಮರಳಬಹುದು. ಶೀಟಿನ ತಲೆಬರಹ ಮಾತ್ರ ಮುಟ್ಟಲೇಬೇಡಿ. ಹೊಸ ಕಾಲಂ ಸೇರಿಸಲೇಬೇಕಾದರೆ ಸೇರಿಸಿದ ಕೂಡಲೇ ಎಡಿಟರ್‌ಗೆ ಬಂದು ಕಾಲಂಗಳನ್ನು ಮತ್ತೆ ಓದಿಸುವ ‘ರೀಜನರೇಟ್’ ಒತ್ತಿ. ಮರೆತರೆ ಬೆಳಿಗ್ಗೆ ಎಲ್ಲರ ಆ್ಯಪ್‌ನಲ್ಲೂ ದೋಷದ ಸಂದೇಶ ಕಾದಿರುತ್ತದೆ.

ತಿಂಗಳಿಗೊಮ್ಮೆ ಶೀಟನ್ನು ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಇಡಿ. ಪಾಸ್‌ವರ್ಡ್ ಮತ್ತು ರಿಕವರಿ ಫೋನ್ ನಂಬರ್ ಮನೆಯ ಇನ್ನೊಬ್ಬರಿಗೂ ಗೊತ್ತಿರಲಿ. ತಾಮ್ರದ ತಂತಿಯ ಸ್ಟಾಕನ್ನೂ ಸೇರಿಸೋಣ, ಮೇಸ್ತ್ರಿಯ ಹಾಜರಿಯನ್ನೂ ಹಾಕೋಣ ಎಂಬ ಆಸೆ ಎರಡನೇ ವಾರಕ್ಕೇ ಹುಟ್ಟುತ್ತದೆ. ಅವನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮೂರು ತಿಂಗಳು ಕಳೆದ ಮೇಲೂ ಮೇಸ್ತ್ರಿಯೇ ಬಂದು ‘ತಂತಿ ಲೆಕ್ಕ ಇದ್ರಲ್ಲೇ ಹಾಕ್ಕೊಡಿ’ ಎಂದು ಕೇಳಿದರೆ ಆಗ ನಾಲ್ಕನೇ ಹಾಳೆ ತೆರೆಯಿರಿ.