ಐಸಿಯುನಲ್ಲಿರುವ ಮಗುವಿಗೆ ಮಲ ಕಟ್ಟಿದಾಗ ಏನು ಮಾಡಬೇಕು?

ಉಸಿರು, ರಕ್ತದೊತ್ತಡ, ಮೂತ್ರ ಎಲ್ಲವನ್ನೂ ಗಂಟೆಗಂಟೆಗೆ ಬರೆದಿಡುತ್ತೇವೆ. ಮಗು ಕೊನೆಯ ಸಲ ಮೋಷನ್ ಮಾಡಿದ್ದು ಯಾವಾಗ ಎಂದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಹೊಟ್ಟೆ ಉಬ್ಬಿ, ಟ್ಯೂಬಿನಲ್ಲಿ ಕೊಟ್ಟ ಹಾಲು ನಿಂತ ಮೇಲೆ ಗಡಿಬಿಡಿ ಶುರುವಾಗುತ್ತದೆ. ಉಬ್ಬಿದ ಹೊಟ್ಟೆ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವನ್ನು, ಮೇಲಕ್ಕೆ ತಳ್ಳುತ್ತದೆ. ವೆಂಟಿಲೇಟರಿನಿಂದ ಹೊರಬರಬೇಕಾದ ಮಗುವಿಗೆ ಇದು ಸಣ್ಣ ತೊಂದರೆಯಲ್ಲ.

ಮೊದಲನೆಯದು, ಸೇರಿಸಿಕೊಂಡ ದಿನದಿಂದಲೇ ಮಲದ ಚಾರ್ಟ್ ಇಡಿ. 3 ದಿನ ಆಗಲಿ ಎಂದು ಕಾಯಬೇಡಿ. ಮಾರ್ಫಿನ್ ಅಥವಾ ಫೆಂಟನಿಲ್‌ನಂಥ ಬಲವಾದ ನೋವಿನ ಔಷಧಿ ಹೋಗುತ್ತಿದ್ದರೆ ಕರುಳು ನಿಧಾನವಾಗುವುದು ಬಹುತೇಕ ಖಚಿತ.

ಎರಡನೆಯದು, ಔಷಧಿಗೆ ಮುಂಚೆ ಹೊಟ್ಟೆ ಮುಟ್ಟಿ ನೋಡಿ. ಹಸಿರು ವಾಂತಿ, ಬಿಗಿಯಾದ ಹೊಟ್ಟೆ, ಮಲದಲ್ಲಿ ರಕ್ತ ಇದ್ದರೆ ಕರುಳಿನಲ್ಲಿ ಅಡಚಣೆ ಇರಬಹುದು. ಆಗ ಭೇದಿ ಮಾಡಿಸುವ ಔಷಧಿ ಕೊಡಬಾರದು, ಸರ್ಜನ್ನರನ್ನು ಕರೆಯಬೇಕು.

ಮೂರನೆಯದು, ಕಾರಣ ಹುಡುಕಿ. ನೀರಿನಂಶ, ಪೊಟ್ಯಾಸಿಯಂ ಸರಿ ಮಾಡಿ. ನಿದ್ರೆ ಬರಿಸುವ ಔಷಧಿ ಬೇಕಾದ್ದಕ್ಕಿಂತ ಜಾಸ್ತಿ ಇದೆಯಾ ನೋಡಿ. ಆಗುವುದಾದರೆ ಟ್ಯೂಬಿನಲ್ಲಿ ಆಹಾರ ಬೇಗ ಶುರು ಮಾಡಿ.

ಬಾಯಿಂದ ಅಥವಾ ಟ್ಯೂಬಿನಿಂದ ಕೊಡಲು ನನ್ನ ಮೊದಲ ಆಯ್ಕೆ ಪಾಲಿಎಥಿಲೀನ್ ಗ್ಲೈಕಾಲ್, ಅಂದರೆ ನೀರು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುವ ಪುಡಿ. ಮಗುವಿನ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.4ರಿಂದ 0.8 ಗ್ರಾಂ ಸಾಮಾನ್ಯ ಪ್ರಮಾಣ. ಆಯಾ ಮಗುವಿಗೆ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಸಿರಪ್ ಕೂಡ ನಡೆಯುತ್ತದೆ, ಆದರೆ ಗ್ಯಾಸ್ ಆಗುತ್ತದೆ. ಮೊದಲೇ ಉಬ್ಬಿದ ಹೊಟ್ಟೆಗೆ ಅದು ಯಾಕೆ, ಅಲ್ವಾ? ಇಸಬಗೋಲಿನಂಥ ನಾರಿನ ಪುಡಿ ಬೇಡವೇ ಬೇಡ. ಓಡಾಡದ, ನೀರು ಕಡಿಮೆ ಇರುವ ಮಗುವಿನಲ್ಲಿ ಅದು ಒಳಗೇ ಗಟ್ಟಿಯಾಗುತ್ತದೆ, ಟ್ಯೂಬನ್ನೂ ಕಟ್ಟುತ್ತದೆ. ಭೇದಿ ಮಾಡಿಸುವ ಬಿಸಾಕೋಡಿಲ್ ಮಾತ್ರೆಗೆ ಮೇಲೊಂದು ಲೇಪ ಇರುತ್ತದೆ. ಅದನ್ನು ಪುಡಿ ಮಾಡಿ ಟ್ಯೂಬಿಗೆ ಹಾಕುವ ಶಾರ್ಟ್‌ಕಟ್ ಕೂಡದು.

ಎಲ್ಲರೂ ಎಡವುವುದು ಕೆಳಗಿನಿಂದ ಕೊಡುವಾಗ. ಬಿಳಿ ರಕ್ತಕಣ ಅಥವಾ ಪ್ಲೇಟ್‌ಲೆಟ್ ತುಂಬಾ ಕಡಿಮೆ ಇರುವ ಮಗುವಿಗೆ ಗುದದ್ವಾರದಿಂದ ಏನೂ ಹಾಕಬಾರದು. ಉಳಿದವರಲ್ಲಿ ಗ್ಲಿಸರಿನ್ ಸಪೋಸಿಟರಿಯಿಂದ (ಗುದದ್ವಾರದೊಳಗೆ ಇಡುವ, ಕರಗುವ ಔಷಧಿ) ಶುರು ಮಾಡಿ. ಮಗುವನ್ನು ಎಡಮಗ್ಗುಲಿಗೆ ಮಲಗಿಸಿ, ಮಂಡಿ ಮಡಚಿಸಿ. ಸಪೋಸಿಟರಿ ಕರುಳಿನ ಗೋಡೆಗೆ ತಾಗಬೇಕು. ಮಲದ ಉಂಡೆಯೊಳಗೆ ಚುಚ್ಚಿಕೊಂಡರೆ ಕೆಲಸ ಮಾಡುವುದಿಲ್ಲ. ಬಳಿಕ ಪೃಷ್ಠವನ್ನು ಕೆಲವು ನಿಮಿಷ ಮೆತ್ತಗೆ ಒತ್ತಿ ಹಿಡಿಯಿರಿ. ಈ ತಾಳ್ಮೆ ಇಲ್ಲದೆ "ಔಷಧಿ ಹಿಡಿಯಲಿಲ್ಲ" ಎಂದು ಬರೆದುಬಿಡುತ್ತಾರೆ.

ಫಾಸ್ಫೇಟ್ ಎನಿಮಾವನ್ನು (ಗುದದ್ವಾರದಿಂದ ಒಳಗೆ ಬಿಡುವ ದ್ರವ) 2 ವರ್ಷದೊಳಗಿನ ಮಕ್ಕಳಿಗೆ, ಕಿಡ್ನಿ ತೊಂದರೆ ಇರುವವರಿಗೆ ಮುಟ್ಟಿಸಬೇಡಿ. ರಕ್ತದಲ್ಲಿ ಫಾಸ್ಫೇಟ್ ಏರಿ, ಕ್ಯಾಲ್ಸಿಯಂ ಇಳಿದು ಜೀವಕ್ಕೇ ಅಪಾಯವಾಗಬಹುದು. ದೊಡ್ಡ ಮಕ್ಕಳಲ್ಲೂ ಮೊದಲನೆಯದು ಹೊರಬರದೆ ಎರಡನೆಯದು ಹಾಕುವಂತಿಲ್ಲ. ನಲ್ಲಿ ನೀರು, ಸೋಪಿನ ನೀರು ಎರಡೂ ಬೇಡ. ಬರೀ ನೀರು ಸೋಡಿಯಂ ಇಳಿಸುತ್ತದೆ, ಸೋಪು ಕರುಳನ್ನು ಕೆರಳಿಸುತ್ತದೆ.

ಇನ್ನೊಂದು ಮೋಸ ಇದೆ. ಗಟ್ಟಿ ಮಲದ ಪಕ್ಕದಿಂದ ತೆಳ್ಳಗಿನದು ಡೈಪರಿಗೆ ಸೋರುತ್ತದೆ. ಅದನ್ನು ಲೂಸ್ ಮೋಷನ್ ಎಂದುಕೊಂಡು ಔಷಧಿ ನಿಲ್ಲಿಸುತ್ತಾರೆ, ಒಳಗಿನ ಗಂಟು ಬೆಳೆಯುತ್ತದೆ. ಸ್ವಲ್ಪ ಸ್ವಲ್ಪ ಸೋರಿಕೆ, ಜೊತೆಗೆ ಕೈಗೆ ಸಿಗುವ ಗಂಟು ಇದ್ದರೆ ಇದನ್ನೇ ಅನುಮಾನಿಸಿ.

ದಿನಾ ಮಲ ಮೆತ್ತಗೆ ಆಗತೊಡಗಿದರೆ ಮಲ ಮೆತ್ತಗೆ ಮಾಡುವ ಔಷಧಿಯ ಪ್ರಮಾಣ ಇಳಿಸಿ. ಮಾರ್ಫಿನ್ ಅಥವಾ ಫೆಂಟನಿಲ್ ನಿಲ್ಲುವ ತನಕ ಪೂರ್ತಿ ಬಿಡಬೇಡಿ. ವಾರ್ಡಿಗೆ ಕಳಿಸುವಾಗ ಚಾರ್ಟನ್ನೂ ಜೊತೆಗೇ ಕೊಡಿ.