ಕೋಲಾರದಲ್ಲಿ ಬಾಡಿಗೆ ಮನೆ: ಮೊದಲು ನೀರಿನ ಲೆಕ್ಕ, ಆಮೇಲೆ ಬಾಡಿಗೆ ಲೆಕ್ಕ

ಕೋಲಾರದ ಟಮಕ ಕಡೆ ನಮಗೆ ನಾಲ್ಕು ಸಣ್ಣ ಬಾಡಿಗೆ ಮನೆಗಳಿವೆ. ನಮ್ಮ ಮನೆಯ ಹಿಂದೆ ಎರಡು, ಮಹಡಿಯಲ್ಲಿ ಎರಡು. ಒಂದು ಹಾಲ್, ಒಂದು ರೂಮು, ಅಡುಗೆಮನೆ, ಬಚ್ಚಲು, ಅಷ್ಟೇ. ನರಸಾಪುರದ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು, ಆಸ್ಪತ್ರೆಯ ನರ್ಸ್‌ಗಳು, ವರ್ಗವಾಗಿ ಬಂದ ಮೇಷ್ಟ್ರುಗಳು ಬಾಡಿಗೆಗೆ ಬರುತ್ತಾರೆ. ಯಜಮಾನರಿಗೆ ಅಂಗಡಿ ಇದೆ. ಹಾಗಾಗಿ ಮನೆಗಳನ್ನು ನೋಡಿಕೊಳ್ಳುವುದು ಮೊದಲಿಂದಲೂ ನಾನೇ. ನಾನು ಕಂಡ ಮಟ್ಟಿಗೆ ಜಗಳ ಹುಟ್ಟುವುದೆಲ್ಲ ನಾಲ್ಕು ಮನೆಯವರು ಸೇರಿ ಬಳಸುವ ಕಡೆ. ಒಂದೇ ಟ್ಯಾಂಕು, ಒಂದೇ ಮೀಟರು ಇದ್ದರೆ ಮುಗಿಯಿತು. ಅದಕ್ಕೇ ಬೇರೆ ಮಾಡಲು ಆಗುವುದನ್ನೆಲ್ಲ ಮನೆಮನೆಗೆ ಬೇರೆ ಮಾಡಿಟ್ಟಿದ್ದೇನೆ.

ನಮ್ಮೂರಲ್ಲಿ ಮನೆ ನೋಡಲು ಬಂದವರು ಬಾಡಿಗೆ ಎಷ್ಟು ಅನ್ನುವ ಮೊದಲು ನೀರು ಹೇಗೆ ಅಂತ ಕೇಳುತ್ತಾರೆ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ಇದು. ಸಾವಿರ ಅಡಿ ಬೋರ್‌ವೆಲ್ ಕೊರೆಸಿದರೂ ನೀರು ಸಿಕ್ಕೇ ಸಿಗುತ್ತದೆ ಅನ್ನುವ ಧೈರ್ಯವಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. 2023ರಲ್ಲಿ ಯರಗೋಳ್ ಅಣೆಕಟ್ಟು ಉದ್ಘಾಟನೆಯಾಯಿತು. ಎರಡೂ ಒಳ್ಳೆಯ ಕೆಲಸವೇ. ಆದರೂ ಬೇಸಿಗೆಯಲ್ಲಿ ನಮ್ಮ ಬೀದಿಗೆ ಟ್ಯಾಂಕರ್ ಬರುವುದು ನಿಂತಿಲ್ಲ.

ಮೊದಲು ಎಲ್ಲರಿಗೂ ಸೇರಿ ಮಹಡಿ ಮೇಲೆ ಒಂದು ದೊಡ್ಡ ಸಿಂಟೆಕ್ಸ್ ಇತ್ತು. ಮಧ್ಯಾಹ್ನಕ್ಕೆ ಖಾಲಿಯಾದರೆ ಯಾರು ಜಾಸ್ತಿ ಬಳಸಿದರು ಅಂತ ಮಾತು ಶುರು. ಈಗ ಪ್ರತಿ ಮನೆಗೂ 500 ಲೀಟರ್‌ನ ಬೇರೆ ಟ್ಯಾಂಕ್ ಇಟ್ಟಿದ್ದೇನೆ. ಸಂಪಿನಿಂದ ಮೋಟರ್ ಒಂದೇ, ಆದರೆ ಒಂದೊಂದು ಟ್ಯಾಂಕಿಗೂ ಬೇರೆ ಪೈಪು, ಬೇರೆ ಗೇಟ್ ವಾಲ್ವ್. ಒಳಚರಂಡಿ ಇರುವ ಊರುಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರಿ ಅಳತೆ. ನಾಲ್ಕು ಜನರ ಮನೆಗೆ ಅದು 540 ಲೀಟರ್ ಆಗುತ್ತದೆ. ಅಂದರೆ ದಿನಕ್ಕೊಂದು ಸಲ ತುಂಬಿಸಿದರೆ ಒಂದು ಕುಟುಂಬಕ್ಕೆ ಹೆಚ್ಚೂಕಡಿಮೆ ಸಾಕು. ಬೆಳಿಗ್ಗೆ ಒಂದು ಸಲ ನಾನು ತುಂಬಿಸುತ್ತೇನೆ. ಅದು ಬಾಡಿಗೆಯಲ್ಲೇ ಸೇರಿದೆ. ಅದಕ್ಕಿಂತ ಹೆಚ್ಚು ಬೇಕಾದಾಗ, ನೆಂಟರು ಬಂದಾಗಲೋ ಹಬ್ಬಕ್ಕೋ, ಕೇಳಿದರೆ ತುಂಬಿಸುತ್ತೇನೆ. ಟ್ಯಾಂಕರ್ ತರಿಸುವ ತಿಂಗಳಲ್ಲಿ ಮಾತ್ರ ಆ ಹೆಚ್ಚಿನ ನೀರಿನ ದುಡ್ಡು ಅವರದ್ದು. ಈ ಮಾತನ್ನು ಮನೆ ತೋರಿಸುವ ದಿನವೇ ಹೇಳಿ, ಅಗ್ರಿಮೆಂಟಿನಲ್ಲೂ ಬರೆಸುತ್ತೇನೆ. ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ಟ್ಯಾಂಕರ್ ದುಡ್ಡು ಕೊಡಿ ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ?

ವಾಲ್ವ್ ಓನರ್ ಕೈಯಲ್ಲಿರುತ್ತದೆ. ಬಾಡಿಗೆ ತಡವಾಯಿತು ಅಂತ ಅದನ್ನು ತಿರುಗಿಸಿ ನೀರು ನಿಲ್ಲಿಸುವವರನ್ನು ನೋಡಿದ್ದೇನೆ. ಕರೆಂಟು ತೆಗೆಯುವವರೂ ಇದ್ದಾರೆ. ಅದು ದೊಡ್ಡ ತಪ್ಪು. ಮನೆಯಲ್ಲಿ ಮಕ್ಕಳಿರುತ್ತಾರೆ, ವಯಸ್ಸಾದವರಿರುತ್ತಾರೆ. ಬಾಡಿಗೆ ವಸೂಲಿಗೆ ಅಡ್ವಾನ್ಸ್ ಇದೆ, ನೋಟಿಸ್ ಇದೆ. ನೀರನ್ನು ಅದಕ್ಕೆ ಬಳಸಬಾರದು.

ಬೋರ್ ನೀರು ಗಡಸು. ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಶವರ್ ತೂತುಗಳು ಮುಚ್ಚಿಕೊಳ್ಳುತ್ತವೆ, ನಲ್ಲಿ ಬಿಗಿಯಾಗುತ್ತದೆ. ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ಪೊರೆ ತೆಗೆಸುತ್ತೇನೆ, ಒಳಗಿನ ಮೆಗ್ನೀಷಿಯಂ ರಾಡ್ ಸವೆದಿದ್ದರೆ ಬದಲಿಸುತ್ತೇನೆ. ಕಾಯಿಲ್ ಸುಟ್ಟ ಮೇಲೆ ರಿಪೇರಿ ಮಾಡಿಸುವುದಕ್ಕಿಂತ ಇದು ಅಗ್ಗ. ನಮ್ಮ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಕೂಡ ಇದೆ. ಬೋರ್ ನೀರು ಕುಡಿಯಬೇಡಿ, ಶುದ್ಧ ನೀರಿನ ಘಟಕದಿಂದ ಕ್ಯಾನ್ ತನ್ನಿ ಅಂತ ಹೊಸಬರಿಗೆ, ಅದರಲ್ಲೂ ಹೊರಗಿನ ಜಿಲ್ಲೆಯಿಂದ ಬಂದವರಿಗೆ, ಮೊದಲ ದಿನವೇ ಹೇಳುತ್ತೇನೆ.

ಮಳೆ ನೀರನ್ನೂ ಸಂಪಿಗೆ ಬಿಟ್ಟಿದ್ದೇನೆ. 1,000 ಚದರ ಅಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 900 ಲೀಟರ್ ನೀರು. ಮೊದಲ ಮಳೆಯ ಕೊಳೆ ನೀರು ಹೊರಗೆ ಹೋಗಲು ಒಂದು ವಾಲ್ವ್, ಆಮೇಲೆ ಜಲ್ಲಿ, ಮರಳು, ಇದ್ದಿಲು ತುಂಬಿದ ಡ್ರಮ್ಮು. ಬಟ್ಟೆ ಒಗೆಯಲು ಈ ಮೆದು ನೀರೇ ಬೇಕು ಅಂತ ಮಹಡಿಯ ಹೆಣ್ಣುಮಕ್ಕಳು ಕೇಳುತ್ತಾರೆ.

ಇನ್ನು ಕರೆಂಟು. ಸಬ್ ಮೀಟರ್ ಹಾಕಿ ಯೂನಿಟ್‌ಗೆ ತಮಗೆ ತೋಚಿದಷ್ಟು ವಸೂಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಪ್ರತಿ ಮನೆಗೂ ಬೆಸ್ಕಾಂನಿಂದಲೇ ಬೇರೆ ಮೀಟರ್ ಹಾಕಿಸಿದ್ದೇನೆ. 2023ರಲ್ಲಿ ಗೃಹಜ್ಯೋತಿ ಬಂದಾಗ ಇದರ ಬೆಲೆ ಗೊತ್ತಾಯಿತು. ಬಾಡಿಗೆದಾರರೂ ತಮ್ಮ ಆಧಾರ್ ಕೊಟ್ಟು ಆ ಯೋಜನೆಗೆ ಸೇರಬಹುದು. ಮಿತಿ ತಿಂಗಳಿಗೆ 200 ಯೂನಿಟ್. ನಾಲ್ಕು ಮನೆಗೆ ಒಂದೇ ಮೀಟರ್ ಇದ್ದರೆ ಒಟ್ಟು ಲೆಕ್ಕ ಸುಲಭವಾಗಿ ಮಿತಿ ದಾಟುತ್ತದೆ, ಯಾರಿಗೂ ಲಾಭ ಸಿಗುವುದಿಲ್ಲ. ಮನೆ ಬಿಡುವವರಿಗೆ ಆಧಾರ್ ಜೋಡಣೆ ತೆಗೆಸಿಯೇ ಹೋಗಿ ಅಂತ ನೆನಪಿಸುತ್ತೇನೆ. ಇಲ್ಲದಿದ್ದರೆ ಅವರಿಗೂ ಹೊಸ ಮನೆಯಲ್ಲಿ ತೊಂದರೆ, ಇಲ್ಲಿಗೆ ಬರುವವರಿಗೂ ತೊಂದರೆ. ಮೋಟರ್ ಮತ್ತು ಮೆಟ್ಟಿಲ ಲೈಟು ನನ್ನ ಮೀಟರಿಗೆ ಸೇರಿವೆ.

ಅಗ್ರಿಮೆಂಟ್ 11 ತಿಂಗಳಿಗೆ, ಇ-ಸ್ಟಾಂಪ್ ಪೇಪರ್ ಮೇಲೆ. ಒಂದು ವರ್ಷಕ್ಕಿಂತ ಹೆಚ್ಚಿನ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು. ಎಲ್ಲರೂ 11 ತಿಂಗಳು ಅನ್ನುವುದು ಅದಕ್ಕೇ. ಬರವಣಿಗೆಯಲ್ಲಿ ಏನೂ ಇಲ್ಲದಿದ್ದರೆ ತಿಂಗಳ ಬಾಡಿಗೆ ಮನೆಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ 15 ದಿನದ ನೋಟಿಸ್ ಸಾಕು. ಮಕ್ಕಳನ್ನು ಶಾಲೆಗೆ ಸೇರಿಸಿದವರಿಗೆ ಅದು ಏನೇನೂ ಸಾಲದು. ನಾನು ಎರಡೂ ಕಡೆಗೆ ಎರಡು ತಿಂಗಳು ಅಂತ ಬರೆಸುತ್ತೇನೆ. ಬಾಡಿಗೆ ದಿನ ಹತ್ತನೇ ತಾರೀಖು. ಒಂದನೇ ತಾರೀಖಿಗೇ ಬೇಕು ಅಂದರೆ ಸಂಬಳ ತಡವಾಗಿ ಬರುವ ಹುಡುಗರು ಸುಮ್ನೆ ಸಾಲ ಮಾಡಬೇಕಾಗುತ್ತದೆ.

ಭೋಗ್ಯಕ್ಕೆ ನಾನು ಕೊಡುವುದಿಲ್ಲ. ಲಕ್ಷಗಟ್ಟಲೆ ಒಟ್ಟಿಗೆ ಬರುತ್ತದೆ, ಖರ್ಚಾಗುತ್ತದೆ, ವಾಪಸ್ ಕೊಡುವ ದಿನ ಕೈಯಲ್ಲಿ ಇರುವುದಿಲ್ಲ. ಎರಡು ಮೂರು ವರ್ಷದ ಭೋಗ್ಯವನ್ನು ನೋಂದಣಿಯಿಲ್ಲದೆ ಬರೀ ಸ್ಟಾಂಪ್ ಪೇಪರ್ ಮೇಲೆ ಬರೆದುಕೊಂಡರೆ ದುಡ್ಡು ಕೊಟ್ಟವರ ಗತಿಯೇನು? ಬಾಡಿಗೆಗೆ ತೆಗೆದುಕೊಳ್ಳುವ ಅಡ್ವಾನ್ಸ್ ಕೂಡ ಬಾಡಿಗೆಯವರದ್ದೇ ದುಡ್ಡು. ಅದನ್ನು ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ, ಮುಟ್ಟುವುದಿಲ್ಲ. ಬೀಗದ ಕೈ ಕೊಡುವ ದಿನ ಮನೆಯನ್ನೆಲ್ಲ ಇಬ್ಬರೂ ಸೇರಿ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತೇವೆ. ಗೋಡೆ, ನಲ್ಲಿ, ಸಿಂಕು, ಮೀಟರ್ ರೀಡಿಂಗ್ ಎಲ್ಲ ಅದರಲ್ಲಿರುತ್ತದೆ. ಬಿಡುವಾಗ ಅದನ್ನೇ ನೋಡುತ್ತೇವೆ. ಒಂದು ವರ್ಷ ದಾಟಿ ಇದ್ದವರಿಂದ ಪೇಂಟಿಂಗ್ ದುಡ್ಡು ಹಿಡಿಯುವುದಿಲ್ಲ. ಗೋಡೆ ಹಳೆಯದಾಗುವುದು ವಾಸದ ಲಕ್ಷಣ, ಅದಕ್ಕೇ ತಾನೇ ಬಾಡಿಗೆ ತೆಗೆದುಕೊಳ್ಳುವುದು?

ಯಾರಿಗೆ ಕೊಡಬೇಕು ಅನ್ನುವ ವಿಚಾರದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಾನು ಜಾತಿ ಕೇಳುವುದಿಲ್ಲ, ಅಡುಗೆಮನೆಯಲ್ಲಿ ಏನು ಬೇಯುತ್ತದೆ ಅಂತಲೂ ಕೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಓದಿ, ಕೆಲಸ ಹಿಡಿದು, ದುಡ್ಡು ಕೈಯಲ್ಲಿಟ್ಟುಕೊಂಡೇ ಮನೆ ಸಿಗದೆ ಅಲೆಯುವ ದಲಿತ ಮಕ್ಕಳಿದ್ದಾರೆ. ಹೆಸರು ಕೇಳಿದ ಕೂಡಲೇ ಮನೆ ಖಾಲಿ ಇಲ್ಲ ಅನ್ನುವುದು ನೋಡಿ ನನಗೆ ಸಂಕಟವಾಗುತ್ತದೆ. ನಾನು ಕೇಳುವುದು ಎಷ್ಟು ಜನ ಇರುತ್ತೀರಿ, ಯಾವ ಶಿಫ್ಟು, ಗಾಡಿ ಎಷ್ಟು. ರಾತ್ರಿ ಶಿಫ್ಟಿನವರಿಗೆ ಗೇಟಿನ ಇನ್ನೊಂದು ಕೀ ಕೊಡುತ್ತೇನೆ. ಅವರು ಹಗಲು ಮಲಗುವ ಹೊತ್ತಿಗೆ ರಿಪೇರಿಯವರನ್ನು ಕರೆಸುವುದಿಲ್ಲ. ಒಳಗೆ ಹೋಗಬೇಕಾದರೆ ಹಿಂದಿನ ದಿನವೇ ಹೇಳುತ್ತೇನೆ. ಮನೆ ನನ್ನದಾದರೂ ಸಂಸಾರ ಅವರದ್ದು.

ಕಂದಾಯದ ವಿಚಾರ ಚಿಕ್ಕದು. ನಗರಸಭೆ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ರಿಯಾಯಿತಿ ಇದೆ. ರಸೀದಿ ಜೋಪಾನ. ಆದಾಯ ತೆರಿಗೆ ಲೆಕ್ಕದಲ್ಲಿ ಒಟ್ಟು ಬಾಡಿಗೆಯಿಂದ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30 ಬಿಡುತ್ತಾರೆ. ರಿಪೇರಿಗೆ ನಿಜವಾಗಿ ಎಷ್ಟೇ ಖರ್ಚಾಗಿರಲಿ, ಆ ಶೇ. 30ರಲ್ಲೇ ಸೇರಿತು ಅಂತ ಲೆಕ್ಕ. ಬಾಡಿಗೆ ಬರುವ ಖಾತೆಯನ್ನು ಮನೆ ಖರ್ಚಿನ ಖಾತೆಯಿಂದ ಬೇರೆ ಇಟ್ಟರೆ ಮಾರ್ಚ್ ಮುಗಿದ ಮೇಲೆ ಪಾಸ್‌ಬುಕ್ಕು, ರಸೀದಿ ಎರಡನ್ನೂ ಆಡಿಟರ್ ಮುಂದೆ ಇಡುವುದಷ್ಟೇ ಕೆಲಸ.