ಒಂದೇ ಥರ ಕಂಡರೂ ಮ್ಯಾಚ್ ಆಗದ ಸೆಲ್‌ಗಳು

ಎಕ್ಸೆಲ್‌ನಲ್ಲಿ ಎರಡೂ ಕಡೆ ಅದೇ ಹೆಸರಿದ್ದರೂ ವಿ-ಲುಕಪ್ (ಒಂದು ಪಟ್ಟಿಯ ಹೆಸರನ್ನು ಇನ್ನೊಂದರಲ್ಲಿ ಹುಡುಕುವ ಫಾರ್ಮುಲಾ) ಎರರ್ ಕೊಡುತ್ತಿದೆಯಾ? ಮೊದಲು ಎರಡೂ ಸೆಲ್‌ಗೆ ಲೆನ್ (ಎಷ್ಟು ಅಕ್ಷರ ಇವೆ ಅಂತ ಎಣಿಸುವ ಫಾರ್ಮುಲಾ) ಹಾಕಿ ನೋಡಿ. ಒಂದರಲ್ಲಿ 6, ಇನ್ನೊಂದರಲ್ಲಿ 7 ಬಂದರೆ ಎಲ್ಲೋ ಸ್ಪೇಸ್ ಅಡಗಿ ಕೂತಿದೆ. (ಕನ್ನಡದಲ್ಲಿ ಒತ್ತು, ಗುಣಿತ ಎಲ್ಲ ಬೇರೆಯಾಗಿ ಎಣಿಸುತ್ತದೆ. ‘ಕನ್ನಡ’ಕ್ಕೆ 5 ಬಂತು ಅಂತ ಗಾಬರಿ ಬೇಡ.)

ಸಾಮಾನ್ಯವಾಗಿ ಹೆಚ್ಚುವರಿ ಸ್ಪೇಸ್ ತೆಗೆಯುವ ಟ್ರಿಮ್ ಫಾರ್ಮುಲಾ ಸಾಕು. ಆದರೆ ವೆಬ್‌ಪೇಜಿನಿಂದ ಕಾಪಿ ಮಾಡಿದ್ದಾದರೆ ಅದು ಕೈಕೊಡಬಹುದು. ನಾನು ಇದಕ್ಕೇ ಒಂದು ಮಧ್ಯಾಹ್ನ ಪೂರ್ತಿ ತಲೆ ಕೆಡಿಸಿಕೊಂಡಿದ್ದೆ! ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ, ಸ್ಪೇಸ್‌ಗೂ ಒಂದು ಕೋಡ್ ನಂಬರ್ ಇರುತ್ತದೆ. ಟ್ರಿಮ್ ತೆಗೆಯುವುದು ಕೋಡ್ 32ರ ಮಾಮೂಲಿ ಸ್ಪೇಸ್ ಮಾತ್ರ. ವೆಬ್‌ನಿಂದ ಬರುವುದು ಹೆಚ್ಚಾಗಿ ಕೋಡ್ 160ರ ಬೇರೆ ಸ್ಪೇಸ್. ಹಾಗಾಗಿ ಸಬ್‌ಸ್ಟಿಟ್ಯೂಟ್‌ನಲ್ಲಿ (ಒಂದರ ಬದಲು ಇನ್ನೊಂದು ಹಾಕುವ ಫಾರ್ಮುಲಾ) ಚಾರ್ 160, ಅಂದರೆ ಆ ಕೋಡ್‌ನ ಸ್ಪೇಸ್, ಇರುವ ಕಡೆಯೆಲ್ಲ ಮಾಮೂಲಿ ಸ್ಪೇಸ್ ಹಾಕಿಸಿ, ಆಮೇಲೆ ಅದರ ಹೊರಗೆ ಟ್ರಿಮ್ ಸುತ್ತಿ. ಕೊನೆಗೆ ಆ ಕಾಲಮ್ಮನ್ನು ಕಾಪಿ ಮಾಡಿ, ಫಾರ್ಮುಲಾ ಹೋಗಿ ಬರೀ ಫಲಿತಾಂಶ ಉಳಿಯುವಂತೆ ಪೇಸ್ಟ್ ವ್ಯಾಲ್ಯೂಸ್ ಕೊಟ್ಟುಬಿಡಿ.